ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು: ಮಕ್ಕಳ ಅಲ್ಟಿಮೇಟ್ ಫ್ರಿಸ್ಬೀ ತರಬೇತಿಯೊಂದರ ವಿಮರ್ಶೆ

ದಕ್ಷಿಣ ಬೆಂಗಳೂರಿನಲ್ಲಿ ನಮ್ಮ ಮನೆಗೆ ಎರಡು ಕಿಲೋಮೀಟರ್ ದೂರದ ಮೈದಾನವೊಂದರಲ್ಲಿ ಪ್ರತಿ ಶನಿವಾರ ಮತ್ತು ಭಾನುವಾರ ಬೆಳಿಗ್ಗೆ 6.30ರಿಂದ 8.30ರವರೆಗೆ, 10ರಿಂದ 14 ವರ್ಷದ ಮಕ್ಕಳಿಗೆ ಅಲ್ಟಿಮೇಟ್ ಫ್ರಿಸ್ಬೀ ಆಟ ಕಲಿಸುತ್ತಾರೆ. ನನ್ನ 11 ವರ್ಷದ ಮಗಳು ಜನವರಿಯಿಂದ ಮಾರ್ಚ್ ಕೊನೆಯವರೆಗೆ ಅಲ್ಲಿಗೆ ಹೋಗಿ ಬಂದಿದ್ದಾಳೆ. ಮೂರು ತಿಂಗಳ ಶುಲ್ಕ 4,500 ರೂಪಾಯಿ. ಒಂದು ಡಿಸ್ಕ್ (ಗಾಳಿಯಲ್ಲಿ ಎಸೆದು ಆಡುವ ಪ್ಲಾಸ್ಟಿಕ್ ತಟ್ಟೆ) ಮತ್ತು ಒಂದು ಜೆರ್ಸಿ ಅದರಲ್ಲೇ ಸೇರಿದೆ. ಮಗುವನ್ನು ಸೇರಿಸಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ‘ಖಂಡಿತ ಸೇರಿಸಿ’ ಎಂಬುದೇ. ಆದರೆ ಈ ತರಬೇತಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು, ಮಕ್ಕಳ ಆಟದ ಜೊತೆಗೆ ಅವರ ನಡತೆಯನ್ನೂ ಗುರುತಿಸುವ ಏರ್ಪಾಟು. ಆ ಏರ್ಪಾಟನ್ನು ಇವರು ಹನ್ನೊಂದು ವಾರ ಶ್ರದ್ಧೆಯಿಂದ ನಡೆಸಿ, ಹನ್ನೆರಡನೆಯ ವಾರ ಬಹುಮಾನ ವಿತರಣೆಯ ದಿನ ಕೆಡಿಸಿಕೊಂಡರು. ಈ ವಿಮರ್ಶೆಯ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ. ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಯಾವುದೇ ಆಟದ ತರಬೇತಿ ಇರಲಿ, ಮಗುವನ್ನು ಸೇರಿಸುವ ಮುನ್ನ ಏನನ್ನು ಕೇಳಿ ತಿಳಿಯಬೇಕು ಎಂಬುದು ಓದುವವರಿಗೆ ಗೊತ್ತಾದರೆ ನನಗೆ ಅಷ್ಟು ಸಾಕು.

ಈ ಆಟ ನಮ್ಮಲ್ಲಿ ಇನ್ನೂ ಎಲ್ಲರಿಗೂ ಪರಿಚಿತವಲ್ಲವಾದ್ದರಿಂದ ಅದರ ಸ್ವರೂಪವನ್ನು ಸ್ವಲ್ಪ ಹೇಳಬೇಕು. 1968ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಮೇಪಲ್‌ವುಡ್ ಎಂಬ ಊರಿನ ಪ್ರೌಢಶಾಲೆಯಲ್ಲಿ ವಿದ್ಯಾರ್ಥಿಗಳೇ ರೂಪಿಸಿಕೊಂಡ ಆಟ ಇದು. 175 ಗ್ರಾಂ ತೂಕದ ಡಿಸ್ಕನ್ನು ಒಬ್ಬರಿಂದ ಒಬ್ಬರಿಗೆ ಎಸೆಯುತ್ತ ಮುಂದೆ ಸಾಗಿ, ಮೈದಾನದ ಆ ತುದಿಯ ಅಂಕಣದೊಳಗೆ ತಮ್ಮವರೊಬ್ಬರು ಅದನ್ನು ಹಿಡಿದರೆ ಒಂದು ಅಂಕ. ಡಿಸ್ಕ್ ಕೈಗೆ ಬಂದವರು ಅದನ್ನು ಹಿಡಿದುಕೊಂಡು ಓಡುವಂತಿಲ್ಲ. ಎದುರು ನಿಂತವರು ಗಟ್ಟಿಯಾಗಿ ಹತ್ತರವರೆಗೆ ಎಣಿಸುವುದರೊಳಗೆ ಎಸೆದುಬಿಡಬೇಕು. ನೆಲಕ್ಕೆ ಬಿದ್ದರೆ ಡಿಸ್ಕ್ ಎದುರು ತಂಡದ ಪಾಲು. ದೊಡ್ಡವರ ಮೈದಾನ 100 ಮೀಟರ್ ಉದ್ದ, 37 ಮೀಟರ್ ಅಗಲ ಇರುತ್ತದೆ ಮತ್ತು ತಂಡಕ್ಕೆ ಏಳು ಮಂದಿ ಆಡುತ್ತಾರೆ. ಇಲ್ಲಿ ಮಕ್ಕಳಿಗೆ ಅದರ ಅರ್ಧದಷ್ಟು ಜಾಗದಲ್ಲಿ ಐದೈದು ಮಂದಿಯ ಆಟ, ಹುಡುಗರೂ ಹುಡುಗಿಯರೂ ಒಂದೇ ತಂಡದಲ್ಲಿ.

ಮುಖ್ಯ ಸಂಗತಿ ಎಂದರೆ ಈ ಆಟದಲ್ಲಿ ರೆಫರಿ ಇಲ್ಲ. ಮೈ ತಾಗಿದರೆ ತಾಗಿಸಿಕೊಂಡವರೇ ‘ಫೌಲ್’ ಎಂದು ಕೂಗಬೇಕು. ಎದುರಿನವರು ಒಪ್ಪಿದರೆ ಅಲ್ಲಿಗೆ ಮುಗಿಯಿತು. ಒಪ್ಪದಿದ್ದರೆ ‘ಕಂಟೆಸ್ಟ್’ ಎನ್ನುವ ಹಕ್ಕು ಅವರಿಗಿದೆ. ಆಗ ಇಬ್ಬರೂ ತಮಗೆ ಕಂಡದ್ದನ್ನು ಚುಟುಕಾಗಿ ಹೇಳಿಕೊಳ್ಳುತ್ತಾರೆ, ಒಮ್ಮತ ಬಾರದಿದ್ದರೆ ಡಿಸ್ಕ್ ಎಸೆದವರ ಕೈಗೆ ಹಿಂತಿರುಗಿ ಆಟ ಮುಂದುವರಿಯುತ್ತದೆ. ಇದು ಮಕ್ಕಳಿಗಾಗಿ ಮಾಡಿದ ಸಡಿಲಿಕೆಯಲ್ಲ. ವಿಶ್ವ ಮಟ್ಟದ ಪಂದ್ಯಗಳಲ್ಲೂ ಆಟಗಾರರೇ ತೀರ್ಪುಗಾರರು. ವಿಶ್ವ ಫ್ಲೈಯಿಂಗ್ ಡಿಸ್ಕ್ ಒಕ್ಕೂಟದ ನಿಯಮಪುಸ್ತಕ ಡಿಸ್ಕ್ ಎಸೆಯುವ ವಿಧಾನದಿಂದ ಆರಂಭವಾಗುವುದಿಲ್ಲ, ‘ಸ್ಪಿರಿಟ್ ಆಫ್ ದ ಗೇಮ್’ ಎಂಬ ಭಾಗದಿಂದ ಆರಂಭವಾಗುತ್ತದೆ. ನಿಯಮ ತಿಳಿದಿರಬೇಕು, ಸತ್ಯ ಹೇಳಬೇಕು, ಎದುರಿನವರಿಗೂ ಮಾತನಾಡಲು ಅವಕಾಶ ಕೊಡಬೇಕು ಎಂಬುವು ಅಲ್ಲಿ ಉಪದೇಶಗಳಲ್ಲ, ಆಟದ ನಿಯಮಗಳೇ.

ನಾವು ಚಿಕ್ಕವರಿದ್ದಾಗ ತೀರ ಪುಟ್ಟ ಮಕ್ಕಳನ್ನು ಆಟಕ್ಕೆ ಸೇರಿಸಿಕೊಂಡು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎನ್ನುತ್ತಿದ್ದೆವು. ಆ ಮಗು ನಮ್ಮ ಜೊತೆಗೆ ಓಡಬಹುದಿತ್ತು, ಕೂಗಬಹುದಿತ್ತು. ಆದರೆ ಅದು ಔಟಾದರೂ ಆಗದಿದ್ದರೂ ಎಣಿಕೆಗೆ ಬರುತ್ತಿರಲಿಲ್ಲ. ತಿಪಟೂರಿನ ಕಡೆ ನಾನು ಓದಿದ ಶಾಲೆಯಿಂದ ಹಿಡಿದು ಮಗಳ ಶಾಲೆಯವರೆಗೆ ನಾನು ಕಂಡ ಕ್ರೀಡಾಕೂಟಗಳಲ್ಲಿ ಒಳ್ಳೆಯ ನಡತೆಯ ಸ್ಥಾನವೂ ಇದೇ ಆಗಿತ್ತು. ಉದ್ಘಾಟನೆಯ ದಿನ ಮಕ್ಕಳಿಂದ ಪ್ರತಿಜ್ಞೆ ಮಾಡಿಸುತ್ತಾರೆ, ಆಮೇಲೆ ಅದರ ಸುದ್ದಿಯೇ ಇರುವುದಿಲ್ಲ. ‘ಕ್ರೀಡಾ ಮನೋಭಾವದಿಂದ ಸ್ವೀಕರಿಸಬೇಕು’ ಎಂಬ ಮಾತನ್ನು ಸೋತವರಿಗೆ ಮಾತ್ರ ಹೇಳುತ್ತಾರೆ. ಗೆದ್ದ ಮಗುವಿಗೆ ಆ ಮಾತನ್ನು ಯಾರಾದರೂ ಹೇಳಿದ್ದನ್ನು ನಾನು ಇದುವರೆಗೆ ಕೇಳಿಲ್ಲ. ಕಳೆದ ವರ್ಷ ಮಗಳು ಹೋಗಿದ್ದ ಇನ್ನೊಂದು ಬೇಸಿಗೆ ಶಿಬಿರದಲ್ಲಿ ‘ಶಿಸ್ತಿನ ಆಟಗಾರ’ ಎಂಬ ಪ್ರಶಸ್ತಿ ಇತ್ತು. ಅದು ಸಾಲಿನಲ್ಲಿ ಸುಮ್ಮನೆ ನಿಂತಿರುತ್ತಿದ್ದ, ತಾನಾಗಿ ಒಂದು ಮಾತೂ ಆಡದ ಮಗುವಿಗೆ ಸಿಕ್ಕಿತು. ಆ ಮಗುವಿನ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆದರೆ ಅದು ಏನು ಮಾಡಿದ್ದಕ್ಕೆ ಆ ಪ್ರಶಸ್ತಿ ಎಂದು ಮಗಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ, ಪ್ರಶಸ್ತಿ ಪಡೆದ ಮಗುವಿಗೂ ಅದು ತಿಳಿದಿದ್ದಂತೆ ಕಾಣಲಿಲ್ಲ.

ಈ ಹಿನ್ನೆಲೆಯಿಂದ ಬಂದ ನನಗೆ ಇಲ್ಲಿಯ ಸ್ಪಿರಿಟ್ ಅಂಕಪಟ್ಟಿ ಹೊಸ ಅನುಭವ. ಪ್ರತಿ ಪಂದ್ಯ ಮುಗಿದ ಮೇಲೆ ಎರಡೂ ತಂಡಗಳು ಎದುರು ತಂಡಕ್ಕೆ ಅಂಕ ಕೊಡುತ್ತವೆ. ಐದು ವಿಷಯಗಳಿವೆ: ನಿಯಮಗಳನ್ನು ತಿಳಿದು ಬಳಸಿದ್ದು, ಮೈ ತಾಗಿಸದೆ ಆಡಿದ್ದು, ನ್ಯಾಯಬುದ್ಧಿ, ಹುಮ್ಮಸ್ಸು ಮತ್ತು ಸಂಯಮ, ಮಾತುಕತೆಯ ರೀತಿ. ಒಂದೊಂದಕ್ಕೂ 0ಯಿಂದ 4ರವರೆಗೆ ಅಂಕ, ಒಟ್ಟು 20. ಅದೇ ಹಾಳೆಯಲ್ಲಿ ತಮ್ಮ ತಂಡ ಹೇಗೆ ನಡೆದುಕೊಂಡಿತು ಎಂದು ತಮಗೆ ತಾವೇ ಅಂಕ ಕೊಟ್ಟುಕೊಳ್ಳುವ ಕಾಲಮ್ಮೂ ಇದೆ. ಇದು ಈ ತರಬೇತಿಯವರ ಆವಿಷ್ಕಾರವಲ್ಲ, ಅಂತರರಾಷ್ಟ್ರೀಯ ಟೂರ್ನಿಗಳಲ್ಲಿ ಬಳಸುವ ಕ್ರಮವೇ. ಆದರೆ ಹತ್ತು ವರ್ಷದ ಮಕ್ಕಳ ಕೈಗೆ ಪೆನ್ಸಿಲ್ ಕೊಟ್ಟು ಅದನ್ನು ಪ್ರತಿ ವಾರ ತಪ್ಪದೆ ಮಾಡಿಸಿದ ಶ್ರೇಯಸ್ಸು ಇವರದು. ಮೈದಾನದ ಪೂರ್ವಕ್ಕೆ ಹೊಂಗೆ ಮರಗಳ ಸಾಲಿದೆ. ಅದರ ನೆರಳಿನಲ್ಲಿ ಐದಾರು ತಲೆಗಳು ಒಂದು ಪರೀಕ್ಷೆಯ ಪ್ಯಾಡಿನ ಮೇಲೆ ಬಾಗಿ, ‘ಅವರು ಫೌಲ್ ಅಂತ ಒಪ್ಪಿಕೊಂಡರಲ್ಲ, ಮೂರು ಕೊಡೋಣ’, ‘ಒಪ್ಪಿಕೊಳ್ಳುವುದು ಮಾಮೂಲಿ ಕಣೇ, ಎರಡೇ ಸರಿ’ ಎಂದು ವಾದಿಸುವುದನ್ನು ನಾನು ಹಲವು ಸಲ ದೂರದಿಂದ ಕೇಳಿಸಿಕೊಂಡಿದ್ದೇನೆ. ಎದುರಾಳಿಯ ಯಾವ ನಡೆ ಮಾಮೂಲಿ, ಯಾವುದು ಅದಕ್ಕಿಂತ ಹೆಚ್ಚಿನದು ಎಂದು ತೂಗಿ ನೋಡುವ ಈ ಹತ್ತು ನಿಮಿಷದ ಕೆಲಸವೇ ಇಡೀ ತರಬೇತಿಯ ತಿರುಳು ಎಂದು ನನಗೆ ಅನ್ನಿಸಿದೆ.

ಪೋಷಕರು ಮೊದಲೇ ತಿಳಿದಿರಬೇಕಾದ ಒಂದು ವಿಷಯವಿದೆ. ಈ ಪಟ್ಟಿಯಲ್ಲಿ 2 ಎಂದರೆ ‘ಚೆನ್ನಾಗಿತ್ತು’ ಎಂದು ಅರ್ಥ. ಎರಡೂ ತಂಡಗಳು ಸಮಾಧಾನದಿಂದ ಆಡಿದ ಸಾಧಾರಣ ಪಂದ್ಯವೊಂದರ ಮೊತ್ತ 10ರ ಆಸುಪಾಸಿನಲ್ಲಿ ಇರುತ್ತದೆ. ಮೊದಲ ವಾರ ಮಗಳ ತಂಡಕ್ಕೆ 11 ಬಂದಾಗ ನಾನು ಅದನ್ನು ಶೇಕಡಾ 55 ಎಂದು ಓದಿ ಬೇಸರಪಟ್ಟೆ, ಇನ್ನೊಬ್ಬ ತಾಯಿ ಹೋಗಿ ತರಬೇತುದಾರರನ್ನು ವಿಚಾರಿಸಿಯೂ ಬಂದರು. ಶಾಲೆಯ ಮಾರ್ಕ್ಸ್ ಕಾರ್ಡಿನ ಕಣ್ಣಿನಿಂದ ನೋಡುವುದು ನಮಗೆ ಅಷ್ಟು ಅಭ್ಯಾಸವಾಗಿದೆ. ಮಕ್ಕಳು ನಮಗಿಂತ ಬೇಗ ಇದರಿಂದ ಹೊರಬಂದರು. ಮೂರನೆಯ ವಾರದ ಹೊತ್ತಿಗೆ ಮಗಳೇ ನನಗೆ, ಎಲ್ಲದಕ್ಕೂ 4 ಹಾಕಿ ಕೊಡುವವರು ಪಂದ್ಯವನ್ನು ಸರಿಯಾಗಿ ನೋಡಿಯೇ ಇಲ್ಲ ಎಂದು ವಿವರಿಸಿದಳು.

ಅಂಕಪಟ್ಟಿ ತುಂಬುವ ಮುನ್ನ ಎರಡೂ ತಂಡಗಳು ಬೆರೆತು, ಒಬ್ಬರ ಪಕ್ಕ ಎದುರು ತಂಡದ ಒಬ್ಬರಂತೆ ಹೆಗಲ ಮೇಲೆ ಕೈ ಹಾಕಿ ವೃತ್ತವಾಗಿ ನಿಲ್ಲುತ್ತವೆ. ಇದನ್ನು ಸ್ಪಿರಿಟ್ ಸರ್ಕಲ್ ಎನ್ನುತ್ತಾರೆ. ತಂಡಕ್ಕೊಬ್ಬ ಸ್ಪಿರಿಟ್ ಕ್ಯಾಪ್ಟನ್ ಇದ್ದು, ಎದುರು ತಂಡದವರು ಮಾಡಿದ ಒಂದು ನಿರ್ದಿಷ್ಟ ಕೆಲಸವನ್ನು ಅವರು ಹೆಸರಿಸಿ ಹೇಳಬೇಕು. ‘ಚೆನ್ನಾಗಿ ಆಡಿದಿರಿ, ಥ್ಯಾಂಕ್ಸ್’ ಎಂದರೆ ನಡೆಯುವುದಿಲ್ಲ. ಮಕ್ಕಳು ‘ಅಕ್ಕ’ ಎಂದು ಕರೆಯುವ ತರಬೇತುದಾರ್ತಿ ತಕ್ಷಣ, ‘ಯಾರು? ಯಾವಾಗ? ಏನು ಮಾಡಿದರು?’ ಎಂದು ಕೇಳುತ್ತಾರೆ. ಈ ಮೂರು ಪ್ರಶ್ನೆಗಳಿಗೆ ಉತ್ತರ ಬಂದಾಗ ಮಾತ್ರ ಮುಂದಿನವರ ಸರದಿ.

ಫೆಬ್ರುವರಿಯ ಒಂದು ಭಾನುವಾರ ನಾನು ಗೆರೆಯ ಪಕ್ಕದಲ್ಲೇ ನಿಂತಿದ್ದಾಗ ನಡೆದದ್ದನ್ನು ಹೇಳುತ್ತೇನೆ. ಮೈದಾನದ ಕೆಮ್ಮಣ್ಣಿನ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿರುತ್ತಾರೆ; ಈ ಆಟದಲ್ಲಿ ಅಂಚಿನ ಗೆರೆ ತುಳಿದರೆ ಹೊರಗೆ ಹೋದಂತೆಯೇ. ಎದುರು ತಂಡದ ಒಬ್ಬ ಹುಡುಗಿ ಅಂಕಣದ ಮೂಲೆಯಲ್ಲಿ ಓಡುತ್ತಲೇ ಡಿಸ್ಕ್ ಹಿಡಿದಳು. ಅವಳ ತಂಡದವರು ಆಗಲೇ ಕುಣಿಯತೊಡಗಿದ್ದರು, ನಮ್ಮ ಕಡೆಯ ಮಕ್ಕಳಲ್ಲಿ ಯಾರೂ ಏನೂ ಹೇಳಲಿಲ್ಲ, ಏಕೆಂದರೆ ಯಾರಿಗೂ ಏನೂ ಕಂಡಿರಲಿಲ್ಲ. ಅವಳು ಮಾತ್ರ ಒಂಟಿ ಕಾಲಿನಲ್ಲಿ ನಿಂತು ಬಲಗಾಲನ್ನು ಮೇಲೆತ್ತಿ ಬೂಟಿನ ಅಡಿಯನ್ನು ನೋಡಿಕೊಂಡಳು. ಬೂಟಿನ ಮೂತಿಯಲ್ಲಿ ಎರಡು ಬೆರಳಗಲ ಸುಣ್ಣ ಮೆತ್ತಿತ್ತು. ತನ್ನ ಎದುರು ಆಡುತ್ತಿದ್ದ ಹುಡುಗನ ಕಡೆಗೆ ಆ ಬೂಟನ್ನು ಹಾಗೆಯೇ ತಿರುಗಿಸಿ ತೋರಿಸಿ, ‘ಗೆರೆ ತುಳಿದಿದ್ದೀನಿ, ಔಟು’ ಎಂದಳು. ಅವನು ಬಗ್ಗಿ ನೋಡಿ, ನೆಲದ ಮೇಲೆ ಗೆರೆ ಅಳಿಸಿದ ಜಾಗವನ್ನೂ ನೋಡಿ ತಲೆಯಾಡಿಸಿದ. ಡಿಸ್ಕ್ ನಮ್ಮ ಕಡೆಗೆ ಬಂತು. ಇಷ್ಟಕ್ಕೆಲ್ಲ ಅರ್ಧ ನಿಮಿಷವೂ ಹಿಡಿಯಲಿಲ್ಲ.

ಆ ಹುಡುಗಿ ಜೋರಾಗಿ ಎಸೆಯುವವಳಲ್ಲ, ಎಲ್ಲರಿಗಿಂತ ವೇಗವಾಗಿ ಓಡುವವಳೂ ಅಲ್ಲ. ಬೇರೆ ಯಾವ ಶಿಬಿರದಲ್ಲಾದರೂ ಮೂರು ತಿಂಗಳು ಇದ್ದು ಯಾರ ಗಮನಕ್ಕೂ ಬಾರದೆ ಹೋಗುತ್ತಿದ್ದಳು. ಅಂದಿನ ಸರ್ಕಲ್‌ನಲ್ಲಿ ನಮ್ಮ ಸ್ಪಿರಿಟ್ ಕ್ಯಾಪ್ಟನ್ ಹೇಳಿದ ಮಾತು ಒಂದೇ ವಾಕ್ಯ: ‘ನಮಗೆ ಯಾರಿಗೂ ಕಾಣದಿದ್ದರೂ ಬೂಟಿನ ಸುಣ್ಣ ತೋರಿಸಿದ್ದಕ್ಕೆ.’ ನಾನು ಚಿಕ್ಕವಳಿದ್ದಾಗ ಮನೆಯಂಗಳದಲ್ಲಿ ಕುಂಟೆಬಿಲ್ಲೆ ಆಡುವಾಗಲೂ ಅಂಪೈರ್ ಇರುತ್ತಿರಲಿಲ್ಲ. ಗೆರೆ ತುಳಿದವಳು ತಾನೇ ಹೇಳಬೇಕಿತ್ತು, ಹೇಳದಿದ್ದರೆ ‘ಕಳ್ಳಾಟ’ ಎಂಬ ಕೂಗು ಏಳುತ್ತಿತ್ತು. ಕಳ್ಳಾಟ ಆಡಿದವಳನ್ನು ಗುರುತಿಸುವ ಪದ ನಮ್ಮ ಬಳಿ ಇತ್ತು. ತಾನಾಗಿ ಹೇಳಿದವಳನ್ನು ಗುರುತಿಸುವ ಪದ ಇರಲಿಲ್ಲ. ಈ ತರಬೇತಿ ನನಗೆ ತೋರಿಸಿಕೊಟ್ಟದ್ದು ಆ ಕೊರತೆಯನ್ನು.

ತಪ್ಪನ್ನು ಎಣಿಸುವುದಕ್ಕೂ ಒಳ್ಳೆಯದನ್ನು ಎಣಿಸುವುದಕ್ಕೂ ಎಷ್ಟು ಅಂತರವಿದೆ ಎಂಬುದಕ್ಕೆ ದೊಡ್ಡವರ ಕ್ರೀಡೆಯಲ್ಲೇ ಉದಾಹರಣೆಯಿದೆ. 2018ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಜಪಾನ್ ಮತ್ತು ಸೆನೆಗಲ್ ಅಂಕಗಳಲ್ಲೂ ಗೋಲುಗಳಲ್ಲೂ ಸಮಸಮವಾಗಿ ನಿಂತಾಗ, ನಾಲ್ಕು ಹಳದಿ ಕಾರ್ಡ್ ಪಡೆದಿದ್ದ ಜಪಾನ್ ಮುಂದಿನ ಸುತ್ತಿಗೆ ಹೋಯಿತು, ಆರು ಪಡೆದಿದ್ದ ಸೆನೆಗಲ್ ಮನೆಗೆ ಮರಳಿತು. ಅದಕ್ಕೆ ಇಟ್ಟ ಹೆಸರು ಫೇರ್ ಪ್ಲೇ. ಆದರೆ ಜಪಾನ್ ತನ್ನ ಕೊನೆಯ ಗುಂಪು ಪಂದ್ಯದಲ್ಲಿ ಪೋಲೆಂಡ್ ಎದುರು 0–1ರಿಂದ ಹಿಂದಿದ್ದರೂ, ಕಾರ್ಡ್ ಬೀಳದಿರಲಿ ಎಂದು ಕೊನೆಯ ನಿಮಿಷಗಳನ್ನು ತಮ್ಮತಮ್ಮಲ್ಲೇ ಚೆಂಡು ಸರಿಸುತ್ತ ಕಳೆಯಿತು. ಕಾರ್ಡುಗಳ ಎಣಿಕೆ ಆಟಗಾರರನ್ನು ಎಚ್ಚರಿಕೆಯವರನ್ನಾಗಿ ಮಾಡುತ್ತದೆ, ಅದಕ್ಕಿಂತ ಹೆಚ್ಚಿನದೇನನ್ನೂ ಅದು ಕೇಳುವುದಿಲ್ಲ. ನಮ್ಮ ಐಪಿಎಲ್‌ನಲ್ಲೂ 2008ರಿಂದ ಫೇರ್ ಪ್ಲೇ ಪ್ರಶಸ್ತಿ ಇದೆ. ಪ್ರತಿ ಪಂದ್ಯದ ನಂತರ ಅಂಪೈರ್‌ಗಳು ಅಂಕ ಕೊಡುತ್ತಾರೆ. ಅದರ ಬಗ್ಗೆ ನನಗೆ ಗೌರವವಿದೆ, ಆದರೆ ಅಲ್ಲಿ ನಡತೆಯನ್ನು ನೋಡುವವರು ಆಟದ ಹೊರಗಿನವರು. ಇಲ್ಲಿ ಅಂಕ ಕೊಡುವವರು ಆಗಷ್ಟೇ ನಮ್ಮ ಎದುರು ಓಡಿ, ಬಿದ್ದು, ಸೋತು ಅಥವಾ ಗೆದ್ದು ಬಂದವರು.

ಎರಡನೆಯ ವಾರ ಮಕ್ಕಳನ್ನು ಕೂರಿಸಿಕೊಂಡು ತರಬೇತುದಾರರು ಗುಂಡಪ್ಪ ವಿಶ್ವನಾಥ್ ಅವರ ಪ್ರಸಂಗವನ್ನು ಹೇಳಿದರು. ಅದನ್ನು ಅವರು ಹೇಳಿದ ಕ್ರಮ ನನಗೆ ಬಹಳ ಹಿಡಿಸಿತು. 1980ರ ಫೆಬ್ರುವರಿಯಲ್ಲಿ ಮುಂಬೈಯ ವಾಂಖೆಡೆಯಲ್ಲಿ ನಡೆದ ಸುವರ್ಣ ಮಹೋತ್ಸವ ಟೆಸ್ಟ್‌ನಲ್ಲಿ ಭದ್ರಾವತಿಯ ಈ ಆಟಗಾರ ಭಾರತದ ನಾಯಕರಾಗಿದ್ದರು. ಇಂಗ್ಲೆಂಡ್ 58 ರನ್‌ಗೆ ಐದು ವಿಕೆಟ್ ಕಳೆದುಕೊಂಡಿದ್ದಾಗ ಆಡಲು ಬಂದ ಬಾಬ್ ಟೇಲರ್ ವಿಕೆಟ್ ಹಿಂದೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲ ಎಂದು ವಿಶ್ವನಾಥ್ ಅವರಿಗೆ ಖಚಿತವಾಗಿದ್ದರಿಂದ ಅವರು ಟೇಲರ್ ಅವರನ್ನು ವಾಪಸು ಕರೆದರು. ಟೇಲರ್ 43 ರನ್ ಗಳಿಸಿ ಇಯಾನ್ ಬಾಥಮ್ ಜೊತೆಗೆ 171 ರನ್ ಸೇರಿಸಿದರು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಅದಾದ ಮೇಲೆ ವಿಶ್ವನಾಥ್ ಮತ್ತೆ ಟೆಸ್ಟ್ ನಾಯಕರಾಗಲಿಲ್ಲ. ಇಂಥ ಕಥೆಗಳನ್ನು ಮಕ್ಕಳಿಗೆ ಹೇಳುವಾಗ ನಾವು ಸೋಲನ್ನು ಮುಚ್ಚಿಟ್ಟು, ಒಳ್ಳೆಯತನಕ್ಕೆ ಕೊನೆಯಲ್ಲಿ ಏನೋ ಒಂದು ಪ್ರತಿಫಲ ಸಿಕ್ಕಿತು ಎನ್ನುವ ಹಾಗೆ ತಿದ್ದುತ್ತೇವೆ. ಇವರು ಹಾಗೆ ಮಾಡಲಿಲ್ಲ. ‘ಸೋತರು. ಕ್ಯಾಪ್ಟನ್ಸಿಯೂ ಮತ್ತೆ ಬರಲಿಲ್ಲ. ಈಗ ಹೇಳಿ, ಕರೆದದ್ದು ಸರಿಯೋ ತಪ್ಪೋ?’ ಎಂದು ಕೇಳಿ ಮಕ್ಕಳನ್ನು ವಾದಿಸಲು ಬಿಟ್ಟರು. ಇಬ್ಬರು ತಪ್ಪು ಎಂದರು, ಅವರನ್ನು ಯಾರೂ ಗದರಲಿಲ್ಲ.

ಕೊರತೆಗಳ ವಿಷಯಕ್ಕೆ ಬರುತ್ತೇನೆ. ಮೊದಲನೆಯದು ಭಾಷೆಯದು. ಹತ್ತಿರದ ಸರ್ಕಾರಿ ಶಾಲೆಯ ಹತ್ತು ಮಕ್ಕಳಿಗೆ ಇಲ್ಲಿ ಶುಲ್ಕವಿಲ್ಲದೆ ಕಲಿಸುತ್ತಾರೆ, ಇದು ನಿಜವಾಗಿಯೂ ದೊಡ್ಡ ಮನಸ್ಸಿನ ಕೆಲಸ. ಆದರೆ ಅಂಕಪಟ್ಟಿ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಮಾತುಕತೆ ಕನ್ನಡದಲ್ಲೇ ನಡೆಯುತ್ತಿದ್ದರೂ ಪ್ಯಾಡು ಮಾತ್ರ ಯಾವಾಗಲೂ ಇಂಗ್ಲಿಷ್ ಮಾಧ್ಯಮದ ಮಕ್ಕಳ ಕೈಯಲ್ಲಿ ಉಳಿಯುತ್ತಿತ್ತು, ಹಾಗಾಗಿ ಕೊನೆಯ ತೀರ್ಮಾನವೂ ಅವರದೇ ಆಗುತ್ತಿತ್ತು. ಐದನೆಯ ವಾರ ಆ ಸರ್ಕಾರಿ ಶಾಲೆಯ ಏಳನೆಯ ತರಗತಿಯ ಹುಡುಗಿಯೊಬ್ಬಳು ಐದೂ ವಿಷಯಗಳನ್ನು ಕನ್ನಡದಲ್ಲಿ ಬರೆದು ತಂದಳು. ಮೇಲೆ ನಾನು ಬಳಸಿದ ‘ಮೈ ತಾಗಿಸದೆ ಆಡಿದ್ದು’, ‘ನ್ಯಾಯಬುದ್ಧಿ’ ಎಂಬ ಮಾತುಗಳು ಅವಳವೇ. ಅಂದಿನಿಂದ ಹಾಳೆಯ ಎರಡು ಬದಿಗೂ ಎರಡು ಭಾಷೆಯಲ್ಲಿ ಅಚ್ಚು ಹಾಕಿಸಿದರು. ಸರಿಪಡಿಸಿದ್ದಕ್ಕೆ ಸಂತೋಷ, ಆದರೆ ಮೊದಲ ದಿನದಿಂದಲೇ ಇರಬೇಕಾಗಿದ್ದ ವ್ಯವಸ್ಥೆ ಅದು.

ಎರಡನೆಯ ಕೊರತೆ ಹೆಚ್ಚು ಗಂಭೀರವಾದದ್ದು. ಮಾರ್ಚ್ ಕೊನೆಯ ಭಾನುವಾರ ಆರು ತಂಡಗಳ ಅಂತಿಮ ಟೂರ್ನಿ ನಡೆಯಿತು. ಅಂಕಪಟ್ಟಿಗಳನ್ನು ಕೂಡಿಸುವ ಕೆಲಸವನ್ನು ನಮ್ಮಲ್ಲಿ ಮೂವರು ಪೋಷಕರು ವಹಿಸಿಕೊಂಡಿದ್ದೆವು, ಆದ್ದರಿಂದ ಲೆಕ್ಕ ನನಗೆ ಗೊತ್ತಿತ್ತು. ಹನ್ನೆರಡು ವಾರಗಳ ಸ್ಪಿರಿಟ್ ಅಂಕಗಳಲ್ಲಿ ಮೊದಲ ಸ್ಥಾನ ಬಂದದ್ದು ಟೂರ್ನಿ ಗೆದ್ದ ತಂಡಕ್ಕೇ. ಬೂಟಿನ ಸುಣ್ಣ ತೋರಿಸಿದ ಹುಡುಗಿ ಆ ತಂಡದವಳು. ಆದರೆ ವೇದಿಕೆಯಲ್ಲಿ ಸ್ಪಿರಿಟ್ ಪ್ರಶಸ್ತಿಯನ್ನು ಒಂದು ಪಂದ್ಯವನ್ನೂ ಗೆಲ್ಲದ ಇನ್ನೊಂದು ತಂಡಕ್ಕೆ ಕೊಟ್ಟರು. ಸ್ಪಿರಿಟ್ ಪಟ್ಟಿಯಲ್ಲಿ ಆ ತಂಡ ನಾಲ್ಕನೆಯದು. ನಾನು ವ್ಯವಸ್ಥಾಪಕರನ್ನು ಕೇಳಿದಾಗ, ‘ಒಂದೇ ತಂಡಕ್ಕೆ ಎರಡು ಕಪ್ ಹೋದರೆ ಚೆನ್ನಾಗಿರುವುದಿಲ್ಲ ಮೇಡಂ, ಆ ಮಕ್ಕಳಿಗೂ ಏನಾದರೂ ಸಿಗಲಿ’ ಎಂದರು. ಅವರ ಮಾತಿನಲ್ಲಿ ಕೆಟ್ಟ ಉದ್ದೇಶವಿರಲಿಲ್ಲ, ಸೋತ ಮಕ್ಕಳ ಮೇಲಿನ ಕನಿಕರವೇ ಇತ್ತು. ಆದರೆ ಸತ್ಯ ಹೇಳುವುದಕ್ಕೆಂದೇ ಇಟ್ಟ ಬಹುಮಾನವನ್ನು ಸುಳ್ಳು ಲೆಕ್ಕದ ಮೇಲೆ ಕೊಡುವುದು ಹೇಗೆ ಸರಿ? ಮೈಕ್ ಹಿಡಿದವರು ಅದನ್ನು ಘೋಷಿಸುವಾಗ ‘ಇದೀಗ ಸಮಾಧಾನಕರ ಬಹುಮಾನ’ ಎಂದರು. ವಿಜೇತರ ಕಪ್ ಎರಡು ಅಡಿ ಎತ್ತರವಿತ್ತು, ಇದು ಅಂಗೈಯಷ್ಟಿತ್ತು, ಮತ್ತು ಮುಖ್ಯ ಅತಿಥಿಗಳು ಹೊರಟ ಮೇಲೆ ಇದನ್ನು ಕೊಡಲಾಯಿತು.

ಆ ತಂಡದ ಮಕ್ಕಳ ಮುಖವನ್ನು ನಾನು ನೋಡಿದೆ. ಹನ್ನೆರಡು ವಾರ ತಾವೇ ಅಂಕ ಕೊಟ್ಟು, ತಾವೇ ಪಡೆದು ಬಂದ ಮಕ್ಕಳಿಗೆ ತಮ್ಮ ಸ್ಥಾನ ಯಾವುದೆಂದು ಅಂದಾಜು ಇಲ್ಲದೆ ಇರುತ್ತದೆಯೇ? ಅವರ ಕ್ಯಾಪ್ಟನ್ ಹುಡುಗ ಆ ಸಣ್ಣ ಕಪ್ಪನ್ನು ತೆಗೆದುಕೊಂಡು ಬಂದು, ತಂಡದವರ ಕೈಗೆ ಕೊಡದೆ ತನ್ನ ಬ್ಯಾಗಿನ ಪಕ್ಕ ನೆಲದ ಮೇಲೆ ಇಟ್ಟ. ಕರುಣೆಯಿಂದ ಕೊಟ್ಟದ್ದು ಎಂದು ಅವನಿಗೆ ತಿಳಿದಿತ್ತು. ನಿಜವಾಗಿ ಅದಕ್ಕೆ ಅರ್ಹರಾಗಿದ್ದ ಮಕ್ಕಳಿಗೆ ತಾವು ಅರ್ಹರೆಂಬುದು ಗೊತ್ತಾಗಲೇ ಇಲ್ಲ. ಒಂದೇ ತಂಡ ಚೆನ್ನಾಗಿ ಆಡಿ ಚೆನ್ನಾಗಿ ನಡೆದುಕೊಂಡೂ ಇರಬಹುದು ಎಂಬುದನ್ನು ನೂರು ಜನರ ಎದುರು ತೋರಿಸುವ ಅವಕಾಶ ಅಂದು ಕೈತಪ್ಪಿತು. ಒಳ್ಳೆಯವರು ಗೆಲ್ಲುವುದಿಲ್ಲ, ಗೆಲ್ಲದವರಿಗೆ ಒಳ್ಳೆಯವರೆಂಬ ಬಿರುದು ಕೊಡುತ್ತಾರೆ ಎಂದು ಮಕ್ಕಳು ಅರ್ಥಮಾಡಿಕೊಂಡರೆ ಅದು ಅವರ ತಪ್ಪಲ್ಲ.

ಅದೇ ದಿನ ಹಾಜರಿದ್ದ ಎಲ್ಲ ಮಕ್ಕಳ ಕೊರಳಿಗೂ ‘ಉತ್ತಮ ಕ್ರೀಡಾ ಮನೋಭಾವ’ ಎಂದು ಅಚ್ಚಾದ ಪದಕ ಹಾಕಿದರು. ಭಾಗವಹಿಸಿದ್ದಕ್ಕೆ ಪದಕ ಕೊಡುವುದಕ್ಕೆ ನನ್ನ ಆಕ್ಷೇಪವಿಲ್ಲ, ಬೆಳಿಗ್ಗೆ ಐದೂವರೆಗೆ ಎದ್ದು ಬಂದ ಮಗುವಿಗೆ ಒಂದು ನೆನಪು ಬೇಕು. ಅದರ ಮೇಲೆ ‘ಭಾಗವಹಿಸಿದ್ದಕ್ಕಾಗಿ’ ಎಂದೇ ಬರೆಯಲಿ.

ಇದಕ್ಕೆ ಪ್ರತಿಯಾಗಿ, ಒಂದು ರೂಪಾಯಿಯೂ ಖರ್ಚಾಗದ ಇನ್ನೊಂದು ಕೆಲಸವನ್ನು ಇದೇ ಸಂಸ್ಥೆಯ ಆ ‘ಅಕ್ಕ’ ಮಾಡಿದ್ದಾರೆ. ಮಗಳು ಆರಂಭದ ವಾರಗಳಲ್ಲಿ ಮಾತುಮಾತಿಗೂ ‘ಕಂಟೆಸ್ಟ್’ ಎನ್ನುತ್ತಿದ್ದಳು. ತಾಗಿದ್ದು ಅವಳಿಗೂ ಗೊತ್ತಿರುತ್ತಿತ್ತು, ಆದರೂ ಒಪ್ಪಿಕೊಂಡರೆ ಸೋತಂತೆ ಎಂಬ ಭಾವನೆ. ಗೆರೆಯಾಚೆಯಿಂದ ‘ಬಿಡಬೇಡ’ ಎಂದು ಕೂಗಿದವರಲ್ಲಿ ನಾನೂ ಒಬ್ಬಳು ಎಂಬುದನ್ನು ಇಲ್ಲಿ ಬರೆಯಲೇಬೇಕು. ನಾಲ್ಕನೆಯ ವಾರ ಅವಳ ತಂಡಕ್ಕೆ ಮಾತುಕತೆಯ ವಿಷಯದಲ್ಲಿ 1 ಅಂಕ ಬಂತು, ಪಕ್ಕದಲ್ಲಿ ‘ಕೇಳಿಸಿಕೊಳ್ಳುವ ಮೊದಲೇ ಇಲ್ಲ ಅಂತಾರೆ’ ಎಂದು ಎದುರು ತಂಡದವರು ಬರೆದಿದ್ದರು. ಅವಳು ಎರಡು ದಿನ ಸಪ್ಪಗಿದ್ದಳು. ನಾನು ಹೇಳಿದ್ದರೆ ವಾದ ಮಾಡುತ್ತಿದ್ದಳು; ಹೇಳಿದವರು ಅವಳ ವಯಸ್ಸಿನವರೇ, ಅವಳ ಎದುರು ಆಡಿದವರೇ ಆದ್ದರಿಂದ ವಾದಕ್ಕೆ ಜಾಗವಿರಲಿಲ್ಲ. ಒಂಬತ್ತನೆಯ ವಾರ ಅವಳು ಮನೆಗೆ ತಂದದ್ದು ನೋಟ್‌ಪುಸ್ತಕದಿಂದ ಹರಿದ ಕಾಲು ಹಾಳೆಯ ಚೀಟಿ. ನೀಲಿ ಇಂಕಿನಲ್ಲಿ, ದಿನಾಂಕದ ಜೊತೆಗೆ, ಹೀಗೆ ಬರೆದಿತ್ತು: ‘ಇವತ್ತು ಎರಡನೇ ಪಂದ್ಯದಲ್ಲಿ ಫೌಲ್ ಅಂದಾಗ ನೀನು ನಿಂತೆ, ಕೇಳಿದೆ, ಆಮೇಲೆ ಹೌದು ಅಂದೆ. ನಾನು ನೋಡಿದೆ.’ ಮೂರು ತಿಂಗಳಲ್ಲಿ ಅಕ್ಕ ಇಂಥ ಚೀಟಿಯನ್ನು ಪ್ರತಿಯೊಂದು ಮಗುವಿಗೂ ಒಮ್ಮೆಯಾದರೂ ಕೊಟ್ಟಿದ್ದಾರೆ. ಎಲ್ಲರಿಗೂ ಕೊಟ್ಟರೂ ಇದು ಪದಕದಂತೆ ಹಗುರವಾಗಲಿಲ್ಲ, ಏಕೆಂದರೆ ಒಂದು ಚೀಟಿಯಲ್ಲಿದ್ದದ್ದು ಇನ್ನೊಂದರಲ್ಲಿ ಇರಲಿಲ್ಲ. ಪದಕ ಈಗ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿದೆ. ಚೀಟಿ ಮಗಳ ಜಾಮಿಟ್ರಿ ಬಾಕ್ಸಿನಲ್ಲಿದೆ, ದಿನಾ ಶಾಲೆಗೆ ಹೋಗಿ ಬರುತ್ತದೆ.

ಉಳಿದ ವಿಷಯಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಕಲಿಸುವ ಕ್ರಮ ಚೆನ್ನಾಗಿದೆ. ಬ್ಯಾಕ್‌ಹ್ಯಾಂಡ್ ಮತ್ತು ಫೋರ್‌ಹ್ಯಾಂಡ್ ಎಸೆತಗಳೆರಡೂ ಎರಡು ತಿಂಗಳಲ್ಲಿ ಮಗಳ ಕೈಗೆ ಕುಳಿತವು. ಹನ್ನೆರಡು ಮಕ್ಕಳಿಗೆ ಒಬ್ಬರಂತೆ ತರಬೇತುದಾರರಿದ್ದಾರೆ. ಕುಡಿಯುವ ನೀರಿನ ಕ್ಯಾನ್ ಇಡುತ್ತಾರೆ, ಲೋಟಗಳನ್ನು ನಾವೇ ಒಯ್ಯಬೇಕು. ಶೌಚಾಲಯ ಮೈದಾನದಿಂದ ಮುನ್ನೂರು ಹೆಜ್ಜೆ ದೂರ, ಬೀಗದ ಕೈ ಕಾವಲುಗಾರರ ಬಳಿ ಇರುತ್ತದೆ; ಹೆಣ್ಣುಮಕ್ಕಳಿರುವ ತರಬೇತಿಗೆ ಇದು ತಕ್ಕ ವ್ಯವಸ್ಥೆಯಲ್ಲ, ಅವರು ಬೇಗ ಗಮನಿಸಬೇಕು. ಮಳೆ ಬಂದರೆ ತರಗತಿ ರದ್ದಾಗುತ್ತದೆ, ಬದಲಿ ದಿನ ಕೊಡುತ್ತಾರೆ. ಪಂದ್ಯ ನಡೆಯುವಾಗ ಪೋಷಕರು ಗೆರೆಯಿಂದ ಹತ್ತು ಅಡಿ ಹಿಂದೆ ನಿಲ್ಲಬೇಕೆಂಬ ನಿಯಮವನ್ನು ಆರನೆಯ ವಾರದಿಂದ ತಂದರು, ಅದು ಒಳ್ಳೆಯದಾಯಿತು. ನಾವು ಹಿಂದೆ ಸರಿದ ಮೇಲೆ ಮಕ್ಕಳ ಜಗಳಗಳು ಚಿಕ್ಕದಾದವು.

ಬೇರೆ ತರಬೇತಿಗಳನ್ನು ನೋಡುತ್ತಿರುವ ಪೋಷಕರು ಮೊದಲ ದಿನ ಕಪ್‌ಗಳ ಕಪಾಟನ್ನು ನೋಡಿದ ಮೇಲೆ ಇದೊಂದನ್ನು ವಿಚಾರಿಸಲಿ: ಮಕ್ಕಳ ನಡತೆಗೆ ನೀವು ಕೊಡುವ ಬಹುಮಾನ ಏನು, ಅದನ್ನು ಯಾರು ತೀರ್ಮಾನಿಸುತ್ತಾರೆ, ಪಡೆದ ಮಗುವಿಗೆ ಕಾರಣವನ್ನು ಹೇಳುತ್ತೀರಾ? ‘ಎಲ್ಲರಿಗೂ ಕೊಡುತ್ತೇವೆ’ ಎಂಬುದು ಉತ್ತರವಾದರೆ ಇನ್ನೂ ಸ್ವಲ್ಪ ಕೇಳಬೇಕು.

ನಾನು ಬಹುಮಾನ ವಿತರಣೆಯ ವಿಷಯದಲ್ಲಿ ವ್ಯವಸ್ಥಾಪಕರಿಗೆ ಎರಡು ಪುಟಗಳ ಪತ್ರ ಬರೆದೆ, ಕೂಡಿಸಿದ ಅಂಕಗಳ ಪ್ರತಿಯನ್ನೂ ಜೊತೆಗಿಟ್ಟೆ. ಅವರು ಕರೆದು ಮಾತನಾಡಿದರು. ಮುಂದಿನ ಸಲ ಆರೂ ತಂಡಗಳ ಸ್ಪಿರಿಟ್ ಅಂಕಗಳನ್ನು ಮೈಕಿನಲ್ಲಿ ಓದಿ, ಆ ಪ್ರಶಸ್ತಿಯನ್ನು ವಿಜೇತರ ಕಪ್‌ಗಿಂತ ಮೊದಲು, ಅತಿಥಿಗಳ ಕೈಯಿಂದಲೇ ಕೊಡಿಸುವುದಾಗಿ ಒಪ್ಪಿಕೊಂಡಿದ್ದಾರೆ. ಎರಡೂ ಕಪ್‌ಗಳ ಎತ್ತರ ಒಂದೇ ಇರಬೇಕು ಎಂಬ ನನ್ನ ಕೋರಿಕೆಗೆ ಮಾತ್ರ ‘ಬಜೆಟ್ ನೋಡಬೇಕು’ ಎಂದಿದ್ದಾರೆ. ಜೂನ್‌ನಿಂದ ಆರಂಭವಾಗುವ ತಂಡಕ್ಕೆ ಮಗಳ ಹೆಸರನ್ನು ಬರೆಸಿ ಹಣ ಕಟ್ಟಿದ್ದೇನೆ, ಅಂಕ ಕೂಡಿಸುವವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ.